ಎರಡನೆಯ ಸಾಲಿನಲ್ಲಿ ಬುಟ್ರಿ

ಜನವರಿ ೯, ಸೋಮವಾರ

ನನ್ನ ಸಿಟ್ಟಿನ ಮಾತು ಕೇಳಿ ಕೇಳಿ ಗೆಶೆ-ಲಾ ಅವರಿಗೂ ಸಾಕಾಗಿರಬೇಕು. ಗೊಂಪಾದಲ್ಲಿ ಅವರಷ್ಟು ಓದಿದ ಭಿಕ್ಷುಗಳು ಬೇರೆ ಇಲ್ಲ. ಅಂಥವರ ಎದುರು ಕೂತು ಇವತ್ತು ಅರ್ಧ ಗಂಟೆ ಊರನ್ನೆಲ್ಲ ಬೈದೆ. ಅವರು ಚಹಾ ಕುಡಿಯುತ್ತಾ ಕೇಳಿದರು. ಕೊನೆಗೆ, "ಖಾಂಡೊ, ಸಿಟ್ಟು ಬಂದಾಗ ನೂರೆಂಟು ಮಣಿ ಎಣಿಸು. ಅದಕ್ಕೂ ಬಗ್ಗಲಿಲ್ಲ ಅಂದ್ರೆ ಪುಸ್ತಕದಲ್ಲಿ ಬರಿ. ಜನರ ಮೇಲೆ ಉಗಿಯೋದಕ್ಕಿಂತ ಕಾಗದದ ಮೇಲೆ ಉಗಿದ್ರೆ ಪಾಪ ಕಡಿಮೆ" ಎಂದರು. ಅದಕ್ಕೇ ಈ ಪುಸ್ತಕ. ತ್ಸೊಮೊ ಕೊಟ್ಟಳು. ಮೇಲೆ ಬೆಕ್ಕಿನ ಚಿತ್ರವಿದೆ. ಐವತ್ತು ವರ್ಷದ ಹೆಂಗಸಿಗೆ ಬೆಕ್ಕು.

ಇವತ್ತಿನ ಸಿಟ್ಟು ಆ ಡೆನ್ಮಾರ್ಕಿನವಳ ಮೇಲೆ. ಪ್ರತಿ ಚಳಿಗಾಲ ನಾವಿರುವ ಈ ಧರ್ಮಶಾಲಾ ಊರಿಗೆ ಬರುತ್ತಾಳೆ, ಬಂದವಳು ನಮ್ಮ ನೇಯ್ಗೆ ಕೇಂದ್ರದಲ್ಲಿ ಠಿಕಾಣಿ ಹೂಡುತ್ತಾಳೆ. ಅವಳ ಊರಿನ ಲೈಬ್ರರಿಯಲ್ಲಿ ಅವಳೂ ಸೇರಿ ಹನ್ನೊಂದು ಹೆಂಗಸರು ಗುರುವಾರ ಗುರುವಾರ ಸಂಜೆ ಸೇರಿ, ನನ್ನ ತಮ್ಮ ಯೆಶೆ ದಾರ್ಗ್ಯೆ ಇರುವ ಗಡಿಯಾಚೆಯ ಜೈಲಿಗೆ ಒಬ್ಬೊಬ್ಬರೂ ಒಂದೊಂದು ಕಾರ್ಡು ಬರೆದು ಹಾಕುತ್ತಾರೆ. ಒಂದೂವರೆ ವರ್ಷದಿಂದ ಇದೇ ಕೆಲಸ. ಒಂದಕ್ಕೂ ಉತ್ತರ ಬಂದಿಲ್ಲ. ಬಂದೀತಾದರೂ ಹೇಗೆ? ಚಳಿಗಾಲದ ರಜೆಯಲ್ಲಿ ಹದಿನಾಲ್ಕು ಮಕ್ಕಳನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು ನಮ್ಮ ಭಾಷೆಯ ಅಕ್ಷರ ಕಲಿಸಿದ. ಅದಕ್ಕೆ ಏಳು ವರ್ಷ ಹಾಕಿದವರು ಲೈಬ್ರರಿಯ ಮುದುಕಿಯರ ಕಾರ್ಡು ನೋಡಿ ಬಾಗಿಲು ತೆಗೆಯುತ್ತಾರೆಯೇ?

ಮಗ್ಗದಿಂದ ಆಗಷ್ಟೇ ಇಳಿಸಿದ್ದ ಪಾಂಗ್ದೆನ್ ಎತ್ತಿಕೊಂಡು ಅವಳು ಸೊಂಟಕ್ಕೆ ಕಟ್ಟಿಕೊಂಡಳು. ಬಣ್ಣಬಣ್ಣದ ಅಡ್ಡಗೆರೆಯ ಮೂರು ಪಟ್ಟಿ ಸೇರಿಸಿ ಹೊಲಿದ ಬಟ್ಟೆ ಅದು, ಮದುವೆಯಾದವಳು ಚೂಪಾ ಎಂಬ ನಿಲುವಂಗಿಯ ಮುಂದೆ ಕಟ್ಟುವಂಥದು. ಮೇಜಿನ ಮೇಲೆ ಹಾಸುವ ಚಿಂದಿಯಲ್ಲ. "ಗಂಡ ಇಲ್ದವರು ಇದನ್ನ ಕಟ್ಟಲ್ಲ ಅಂತ ಹೇಳೇ ಆಕೆಗೆ" ಎಂದೆ ತ್ಸೊಮೊಗೆ. ತ್ಸೊಮೊ ಇಲ್ಲೇ ಹುಟ್ಟಿ ಬೆಳೆದ ಹುಡುಗಿ. ಮಾನವ ಹಕ್ಕುಗಳ ಕಚೇರಿಯಲ್ಲಿ ಕೆಲಸ, ಹೊರಗಿನವರಿಗೆಲ್ಲ ದುಭಾಷಿ. ಅವಳು ಬಾಯಿ ತೆರೆಯುವ ಮೊದಲೇ ಆ ಹೆಂಗಸು ತನ್ನ ಮುರುಕು ಟಿಬೆಟನ್ನಿನಲ್ಲಿ, "ನಾನು ಗಂಡ ಇಲ್ಲ. ನೀನು ಗಂಡ ಇಲ್ಲ. ಇಬ್ಬರೂ ಕಟ್ಟೋಣ" ಎಂದಳು. ಮಗ್ಗದವರೆಲ್ಲ ನಕ್ಕರು.

ಎಲ್ಲರಿಗಿಂತ ಜೋರಾಗಿ ನಕ್ಕವಳು ಪಕ್ಕದ ಮಗ್ಗದ ಮಿಗ್ಮಾರ್. ಹೋದ ಶರತ್ಕಾಲದಲ್ಲಿ ಅವಳ ಗಂಡ ತೀರಿಕೊಂಡ, ಸೂತಕದ ವರ್ಷ ಮುಗಿಯುವವರೆಗೆ ಅವಳೂ ಕಟ್ಟುವ ಹಾಗಿಲ್ಲ. "ನಂದು ಪೆಟ್ಟಿಗೇಲಿ ಸುಮ್ನೆ ಬಿದ್ದಿದೆ, ಬೇಕಾದ್ರೆ ಅದನ್ನೂ ಕೊಡ್ತೀನಿ ತಗೋ ತಾಯಿ" ಎಂದಳು. ಸೂತಕದವಳಿಗೂ ನಗು. ನನಗೊಬ್ಬಳಿಗೇ ಉರಿ.

ತಮ್ಮನ ಮುಖದ ಪೋಸ್ಟರು ಹಿಡಿದು ಫೋಟೋಗೆ ನಿಲ್ಲು ಎಂದರು ತ್ಸೊಮೊನ ಕಚೇರಿಯವರು. ನಿಲ್ಲಲಿಲ್ಲ. ನೂರೆಂಟು ಮಣಿ ಎರಡು ಸಲ ಎಣಿಸಿದೆ.

ಜನವರಿ ೧೫, ಭಾನುವಾರ

ತ್ಸೊಮೊ ಮತ್ತೆ ಅದೇ ರಾಗ ತೆಗೆದಳು. ಅಕ್ಕ ಅನ್ನುವವಳು ಒಂದು ಮಾತು ಹೇಳಿದರೆ ಹತ್ತು ದೇಶದವರು ಕೇಳುತ್ತಾರಂತೆ. ಕೇಳಿ ಏನು ಮಾಡುತ್ತಾರೆ ಎಂದೆ. "ಪ್ರಶ್ನೆ ಕೇಳ್ತಾರೆ ಆಚಾ-ಲಾ" ಎಂದಳು, ಅಕ್ಕಾವರೇ ಎಂದು ಮರ್ಯಾದೆಯಿಂದಲೇ. ನಲವತ್ತು ವರ್ಷದಿಂದ ಪ್ರಶ್ನೆ ಕೇಳುತ್ತಲೇ ಇದ್ದಾರೆ. ಪ್ರಶ್ನೆ ಕೇಳುವವರ ಕೂದಲೂ ಬೆಳ್ಳಗಾಯಿತು.

ನಾನು ಹಳ್ಳಿ ಬಿಟ್ಟಾಗ ತಮ್ಮನಿಗೆ ಹನ್ನೆರಡು. ಬಾರ್ಲಿ ಹೊಲದ ಕೊನೆಯವರೆಗೂ ಜೊತೆಗೆ ಬಂದ, ಮಂತ್ರ ಕೆತ್ತಿದ ಮಣಿಕಲ್ಲಿನ ಗೋಡೆಯ ಹತ್ತಿರ ನಿಂತ. ತೀರ್ಥಯಾತ್ರೆ ಮುಗಿಸಿ ಬರುತ್ತೇನೆ ಎಂದಿದ್ದೆ. ಇಪ್ಪತ್ತೊಂಬತ್ತು ವರ್ಷವಾಯಿತು. ಅವನಿಗೆ ಮೊದಲು 'ಕ' ತಿದ್ದಿಸಿದವಳು ನಾನು, ಹಲಗೆಗೆ ಬೂದಿ ಸವರಿ, ಕಡ್ಡಿಯಿಂದ. ನ್ಯಾಯವಾಗಿ ನೋಡಿದರೆ ಅಪರಾಧ ನನ್ನಿಂದಲೇ ಶುರುವಾಯಿತು.

ಜನವರಿ ೨೬, ಗುರುವಾರ

ಗಡಿಯಾಚೆಯ ಯಾವುದೋ ಸರ್ಕಾರಿ ಪತ್ರಿಕೆಯಲ್ಲಿ ಬಂದ ಚಿತ್ರವನ್ನು ತ್ಸೊಮೊ ಫೋನಿನಲ್ಲಿ ತಂದು ತೋರಿಸಿದಳು. ಖುಷಿಯಲ್ಲಿದ್ದಳು ಪಾಪ. "ನಿಮ್ಮೂರು ನೋಡಿ ಆಚಾ-ಲಾ."

ನಮ್ಮ ತ್ಸಾಂಗ್ ಕಡೆಯ ರೈತರ ಹೊಸ ವರ್ಷ, ಎಲ್ಲರ ಲೋಸರ್‌ಗಿಂತ ಒಂದು ತಿಂಗಳು ಮೊದಲೇ ಬರುವಂಥದು. ಊರಿನವರನ್ನು ಮೂರು ಸಾಲಿನಲ್ಲಿ ನಿಲ್ಲಿಸಿ, ಕೈಗೊಂದು ಕೆಂಪು ಬಾವುಟ ಕೊಟ್ಟು ತೆಗೆದದ್ದು. ಸುಖವಾಗಿರುವ ಹಳ್ಳಿ ಎಂದು ಕೆಳಗೆ ಬರೆದಿದ್ದಾರಂತೆ. ಹೆಂಗಸರೆಲ್ಲ ಹಬ್ಬದ ಬಟ್ಟೆಯಲ್ಲಿದ್ದರು. ಎರಡನೆಯ ಸಾಲಿನಲ್ಲಿ ನನ್ನ ತಮ್ಮನ ಹೆಂಡತಿ ಬುಟ್ರಿ. ಮೂರು ವರ್ಷದಿಂದ ಫೋನಿನಲ್ಲೂ ಅವಳ ಮುಖ ನೋಡಿರಲಿಲ್ಲ.

ಅವಳ ಸೊಂಟದ ಕಡೆ ನೋಡಿದೆ. ಎಂಟು ವರ್ಷದ ಹಿಂದೆ ನಾನೇ ನೇಯ್ದು, ಕಾಠ್ಮಂಡುವಿಗೆ ಬಂದಿದ್ದ ಅವಳ ಅಣ್ಣ ನೊರ್‌ಲ್ಹಾನ ಕೈಲಿ ಕಳಿಸಿದ ಪಾಂಗ್ದೆನ್ ಇರಬೇಕಿತ್ತು ಅಲ್ಲಿ.

ಇಲ್ಲ. ಬರೀ ಕಪ್ಪು ಚೂಪಾ. ಆ ಸಾಲಿನಲ್ಲಿ ಎಲ್ಲ ಹೆಂಗಸರೂ ಕಟ್ಟಿದ್ದಾರೆ. ಅವಳೊಬ್ಬಳು ಇಲ್ಲ.

ಹಬ್ಬದ ದಿನ ಪಾಂಗ್ದೆನ್ ಬಿಚ್ಚಿಡುವವಳು ಯಾರು? ಮನೆಯಲ್ಲಿ ಸಾವಾದವಳು.

ಜನವರಿ ೨೭, ಶುಕ್ರವಾರ

ಗೆಶೆ-ಲಾ ಹತ್ತಿರ ಹೋದೆ. ತಮ್ಮ ಯಾವತ್ತು ಹೋದನೋ ಗೊತ್ತಿಲ್ಲ, ಹಾಗಾಗಿ ನನಗೆ ತಿಳಿದ ದಿನದಿಂದಲೇ ಸತ್ತವರ ಪ್ರಾರ್ಥನೆಯ ನಲವತ್ತೊಂಬತ್ತು ದಿನ ಹಿಡಿದೆವು. ಹೆಸರನ್ನು ಒಂದು ಕಾಗದದ ಮೇಲೆ ಬರೆದುಕೊಟ್ಟೆ. ಕೊನೆಯ ದಿನ ಪ್ರಾರ್ಥನೆ ಮುಗಿದ ಮೇಲೆ ಅದನ್ನು ದೀಪಕ್ಕೆ ಹಿಡಿದು ಸುಡುತ್ತಾರೆ. ಅಲ್ಲಿಯವರೆಗೆ, ಆಮೇಲೂ, ಆ ಹೆಸರು ನನ್ನ ಬಾಯಲ್ಲಿ ಬರಬಾರದು. ಈ ಜನ್ಮಕ್ಕೂ ಮುಂದಿನದಕ್ಕೂ ನಡುವಿನ ದಾರಿಯಲ್ಲಿ ಹೋಗುತ್ತಿರುವವನನ್ನು ಹಿಂದಿನಿಂದ ಕೂಗಿದರೆ ತಿರುಗಿ ನೋಡುತ್ತಾನೆ. ತಿರುಗಿದವನು ದಾರಿ ತಪ್ಪುತ್ತಾನೆ.

ಈ ಪುಸ್ತಕದ ಮೊದಲ ಪುಟದಲ್ಲಿ ಹೆಸರಿತ್ತು. ತ್ಸಂಪಾ ಹಿಟ್ಟಿನ ಅಂಟು ಮಾಡಿ ಅದರ ಮೇಲೆ ಕಾಗದದ ಚೂರು ಅಂಟಿಸಿದೆ.

ಗೆಶೆ-ಲಾ ಒಂದು ಮಾತು ಕೇಳಿದರು, ಖಂಡಿತ ಗೊತ್ತಾ ಎಂದು. ನಾನು ಮೂವತ್ತು ವರ್ಷದಿಂದ ಪಾಂಗ್ದೆನ್ ನೇಯುವವಳು, ನನಗೆ ಗೊತ್ತಾಗದೆ ಇನ್ನಾರಿಗೆ ಗೊತ್ತಾಗುತ್ತದೆ ಎಂದೆ.

ಜನವರಿ ೩೦, ಸೋಮವಾರ

ಕಚೇರಿಗೆ ಹೋಗಿ ಗಂಟಲು ಹರಿಯುವ ಹಾಗೆ ಕೂಗಿದೆ. ಗೋಡೆಯ ಮೇಲೆ ಅವನ ಮುಖ, ಕೆಳಗೆ ದಪ್ಪಕ್ಷರದಲ್ಲಿ ಹೆಸರು, ಅದರ ಕೆಳಗೆ ಹೊರಗಿನವರ ಭಾಷೆಯಲ್ಲಿ 'ಈ ಹೆಸರು ಹೇಳಿ'. ಹರಿದು ಹಾಕಿದೆ. ತ್ಸೊಮೊ ಕೈ ಹಿಡಿದುಕೊಂಡಳು. "ಒಂದು ಫೋಟೋ ನೋಡಿ ಮನುಷ್ಯ ಸತ್ತ ಅಂತೀರಾ? ಯಾರನ್ನಾದ್ರೂ ಕೇಳೋಣ, ಸ್ವಲ್ಪ ತಡೀರಿ."

"ಯಾರನ್ನ ಕೇಳ್ತೀಯೆ? ಇಲ್ಲಿಂದ ಫೋನು ಹೋದ್ರೆ ಅಲ್ಲಿ ಬುಟ್ರಿ ಬಾಗಿಲಿಗೆ ಜೀಪು ಬರತ್ತೆ. ನಿನಗೇನು, ಹುಟ್ಟಿದ್ದೇ ಇಲ್ಲಿ. ಪಾಂಗ್ದೆನ್ ಅಂದ್ರೆ ನಿನಗೆ ಡ್ಯಾನ್ಸಿಗೆ ಕಟ್ಟೋ ಬಟ್ಟೆ."

ಹುಡುಗಿಯ ಮುಖ ಸಣ್ಣದಾಯಿತು. ಆಗಲಿ.

ಆ ಡೆನ್ಮಾರ್ಕಿನವಳೂ ಅಲ್ಲೇ ಇದ್ದಳು. ಕಾರ್ಡು ನಿಲ್ಲಿಸಬೇಕು, ಈ ಗುರುವಾರದಿಂದಲೇ, ಸತ್ತವನ ಹೆಸರನ್ನು ವಾರಕ್ಕೆ ಹನ್ನೊಂದು ಸಲ ಬರೆದು ಅವನ ಕಾಲಿಗೆ ಹಗ್ಗ ಹಾಕಬೇಡಿ ಎಂದೆ. ತ್ಸೊಮೊ ತಿರುಗಿಸಿ ಹೇಳಿದಳು. ಅವಳು ವಾದ ಮಾಡಿದ್ದರೆ ನನಗೆ ಇನ್ನಷ್ಟು ಕೂಗಲು ಸಿಗುತ್ತಿತ್ತು. ಮಾಡಲಿಲ್ಲ. ಫೋನು ತೆಗೆದು ತನ್ನವರಿಗೆ ಹೇಳಿಬಿಟ್ಟಳು. ಅಕ್ಕನೇ ಬೇಡ ಅಂದ ಮೇಲೆ ಮುಗಿಯಿತು ಎಂದರಂತೆ. ಲೈಬ್ರರಿಯ ಕಿಟಕಿಯಲ್ಲಿ ಮೇಣದಬತ್ತಿ ಹಚ್ಚಿಡುತ್ತಾರಂತೆ. ಅದಕ್ಕೂ ನನಗೆ ಸಿಟ್ಟು ಬಂತು. ಯಾರ ಮನೆಯ ಸಾವಿಗೆ ಯಾರ ಮೇಣದಬತ್ತಿ.

ಫೆಬ್ರವರಿ ೩, ಶುಕ್ರವಾರ

ಮಗ್ಗದ ಮುಂದೆ ಕೂತೆ. ಲಾಳಿ ಹಿಡಿದ ಕೈ ಏಳಲಿಲ್ಲ.

ಫೆಬ್ರವರಿ ೧೨, ಭಾನುವಾರ

ಆ ಡೆನ್ಮಾರ್ಕಿನವಳ ಹೆಸರು ಮೆರೆಟೆ. ದಿನಾ ಬೆಳಿಗ್ಗೆ ಗೊಂಪಾದ ದೀಪದ ಕೋಣೆಗೆ ಬಂದು, ನನ್ನ ಪಕ್ಕ ಕೂತು ಬಟ್ಟಲುಗಳನ್ನು ಒರೆಸುತ್ತಾಳೆ. ಹೋದ ವಾರವೇ ಊರಿಗೆ ಹೊರಡಬೇಕಿತ್ತಂತೆ, ಟಿಕೆಟ್ ಬದಲಾಯಿಸಿದ್ದಾಳೆ. ಬೆಣ್ಣೆ ಕಾಯಿಸುವಾಗ ಕೈ ಸುಟ್ಟುಕೊಂಡಳು. ಬತ್ತಿ ಮುಳುಗುವಷ್ಟು ಬೆಣ್ಣೆ ಸುರಿಯುತ್ತಾಳೆ. "ನಿಮ್ಮ ದೇಶದಲ್ಲಿ ಹಸು ಜಾಸ್ತಿ ಇರಬಹುದು, ಇಲ್ಲಿಲ್ಲ" ಎಂದು ಗದರಿದೆ. ಅರ್ಥವಾಯಿತೋ ಇಲ್ಲವೋ, ತಲೆಯಾಡಿಸಿ ಮತ್ತೆ ಅಷ್ಟೇ ಸುರಿದಳು.

ಬುಟ್ರಿಯ ಮೇಲೂ ಸಿಟ್ಟು ಬರುತ್ತಿದೆ. ಸೂತಕದವಳು ಆ ಬಾವುಟ ಹಿಡಿದು ನಿಲ್ಲಬಹುದೇ? ನಿಲ್ಲದಿದ್ದರೆ ಏನು ಮಾಡುತ್ತಾರೆ ಎಂದು ನನಗೇ ಗೊತ್ತು. ಆದರೂ ಬರುತ್ತಿದೆ.

ಫೆಬ್ರವರಿ ೨೧, ಮಂಗಳವಾರ, ಲೋಸರ್

ನಾನು ಹಬ್ಬ ಮಾಡಲಿಲ್ಲ. ಬಾಗಿಲಿಗೆ ಬಂದವರಿಗೆ ತಾಶಿ ದೆಲೆಕ್ ಅನ್ನಲಿಲ್ಲ.

ಹೊರದೇಶದ ಯಾವುದೋ ನಿಯೋಗದವರು ಕೇಂದ್ರಕ್ಕೆ ಬಂದರು. ನಿಮ್ಮ ಸಂಸ್ಕೃತಿ ಎಷ್ಟು ಸುಂದರ, ಇದು ಉಳಿಯಬೇಕು ಎಂದು ಅವರಲ್ಲೊಬ್ಬ ಭಾಷಣ ಮಾಡಿದ. ಮಗ್ಗದ ಮುಂದೆ ನಿಂತು ಎಲ್ಲರೂ ಫೋಟೋ ತೆಗೆಸಿಕೊಂಡರು. ಸ್ವಲ್ಪ ನಗಿ ಎಂದು ನನಗೆ ಸನ್ನೆ ಮಾಡಿದರು. ಮಿಗ್ಮಾರ್ ನೂಲು ಸುತ್ತುತ್ತಾ, "ಸುಂದರವಾಗಿದ್ರೆ ಉಳಿಸ್ತಾರಂತೆ ಕಣೇ. ನಾವೇನು ಹುಲಿಮರಿಗಳಾ?" ಎಂದಳು. ಇಪ್ಪತ್ತಾರು ದಿನದ ಮೇಲೆ ಮೊದಲ ಸಲ ನಗು ಬಂತು. ಫೋಟೋ ತೆಗೆದವನು ತನಗೇ ನಕ್ಕೆ ಎಂದುಕೊಂಡ.

ಮೆರೆಟೆ ಆ ಗುಂಪಿನ ಹತ್ತಿರವೂ ಸುಳಿಯಲಿಲ್ಲ. ಹಿಂದೆ ಕೂತು ಉಣ್ಣೆ ಹಿಂಜುತ್ತಿದ್ದಳು.

ಮಾರ್ಚ್ ೨, ಗುರುವಾರ

ಎಲ್ಲವನ್ನೂ ಇವತ್ತೇ ಬರೆದಿಡಬೇಕು.

ಮಧ್ಯಾಹ್ನ ಊಟಕ್ಕೆ ಎದ್ದಾಗ ನೊರ್‌ಲ್ಹಾ ಫೋನು ಮಾಡಿದ. ಬುಟ್ರಿಯ ಅಣ್ಣ. ವ್ಯಾಪಾರಕ್ಕೆಂದು ನಿನ್ನೆ ಕಾಠ್ಮಂಡುವಿಗೆ ಬಂದಿದ್ದಾನೆ, ಅಲ್ಲಿಂದ ಬಾಯಿಬಿಟ್ಟು ಮಾತಾಡಬಹುದು. ನಾನು ಅಳುತ್ತಾ, ದೀಪ ಹಚ್ಚಿಸುತ್ತಿದ್ದೇನೆ, ಮುಂದಿನ ವಾರ ಕಳೆದರೆ ನಲವತ್ತೊಂಬತ್ತು ತುಂಬುತ್ತದೆ ಎಂದೆ.

"ಯಾರಿಗೆ ಆಚಾ-ಲಾ?"

"ಯಾರಿಗೆ ಅಂದ್ರೆ? ನಿನ್ನ ಭಾವನಿಗೆ."

"ಭಾವ ಸತ್ತ ಅಂತ ನಿಮಗೆ ಯಾರು ಹೇಳಿದ್ದು?" ಎಂದ.

ಪಾಂಗ್ದೆನ್ ಮಾತು ಹೇಳಿದೆ. ಅವನು ಬಿಡಿಸಿ ಬಿಡಿಸಿ ಹೇಳಿದ. ಡಿಸೆಂಬರಿನಲ್ಲಿ ಅಧಿಕಾರಿಗಳು ಬುಟ್ರಿಯನ್ನು ಕರೆಸಿದರಂತೆ. ಕೈದಿಯ ಮಕ್ಕಳಿಗೆ ಶಾಲೆ ಇಲ್ಲ, ಕೈದಿಯ ಹೆಂಡತಿಗೆ ಹೊಲ ಇಲ್ಲ. ಗಂಡ ಬೇಡ ಎಂದು ಸಹಿ ಹಾಕಿದರೆ ಎರಡೂ ಉಂಟು. ಇಬ್ಬರು ಗಂಡುಮಕ್ಕಳು ಅವಳಿಗೆ. ಹಾಕಿದಳು. ಆ ಫೋಟೋ ತೆಗೆಯುವ ದಿನ ಅಧಿಕಾರಿಯೇ ಬಂದು, ನಿನಗೀಗ ಗಂಡ ಇಲ್ಲ, ಇದನ್ನು ಯಾಕೆ ಕಟ್ಟಿದ್ದೀ ಎಂದು ಎಲ್ಲರ ಎದುರು ಬಿಚ್ಚಿಸಿದನಂತೆ.

"ಬಾಗಿಲು ಹಾಕ್ಕೊಂಡು ಮನೆ ಒಳಗೆ ಕಟ್ಕೋತಾಳೆ" ಎಂದ ನೊರ್‌ಲ್ಹಾ. "ಒಲೆ ಮುಂದೆ ಕೂತಾಗ."

ಗಂಡನಿಲ್ಲದವರು ಇದನ್ನು ಕಟ್ಟುವುದಿಲ್ಲ. ನನ್ನ ಬಾಯಿಂದಲೇ ಬಂದ ಮಾತು, ಈ ಪುಸ್ತಕದ ಮೊದಲ ಪುಟದಲ್ಲೇ ಇದೆ. ಮೂವತ್ತು ವರ್ಷ ನೇಯ್ದೆ, ಗಂಡನಿಲ್ಲ ಎಂದು ಒಂದು ದಿನವೂ ಕಟ್ಟಲಿಲ್ಲ. ನನ್ನ ಮನೆಯಲ್ಲಿ ಯಾರು ಸತ್ತಿದ್ದಾರೆ? ಸೂತಕ ನೆನಪಾಯಿತು, ಇದು ನೆನಪಾಗಲಿಲ್ಲ. ಬದುಕಿರುವ ಗಂಡನನ್ನು ಕಾಗದದ ಮೇಲೆ ಕಿತ್ತುಕೊಳ್ಳುವವರೂ ಇದ್ದಾರೆ ಎಂದು ನನಗೆ ಹೊಳೆಯಲಿಲ್ಲ.

ಇನ್ನೂ ಇದೆ. ಅದನ್ನು ಬರೆಯುವುದು ಕಷ್ಟ.

ಕಾರ್ಡುಗಳು ಮುಟ್ಟುತ್ತಿದ್ದವಂತೆ. ಅವನ ಕೈಗೆ ಕೊಡುತ್ತಿರಲಿಲ್ಲ. ಆದರೆ ಬರಲು ಶುರುವಾದ ಮೇಲೆ ಹೊಡೆಯುವುದು ನಿಂತಿತು, ದಿನಕ್ಕೆ ಅರ್ಧ ಗಂಟೆ ಬಿಸಿಲಿಗೆ ಬಿಡುತ್ತಿದ್ದರು. ಹೊರಗೆ ಯಾರೋ ಎಣಿಸುತ್ತಿದ್ದಾರೆ ಎಂದು ಅವರಿಗೆ ಅನ್ನಿಸಿರಬೇಕು. ಡೆನ್ಮಾರ್ಕಿನಲ್ಲಿ ನಿನಗೆ ಹನ್ನೊಂದು ಹೆಂಡಿರಾ ಎಂದು ಕಾವಲಿನವನು ಹಂಗಿಸುತ್ತಿದ್ದನಂತೆ. ಹೋದ ವರ್ಷ ಬುಟ್ರಿ ನೋಡಲು ಹೋದಾಗ ಗಾಜಿನ ಆಚೆಯಿಂದ ಅವನೇ ನಗುತ್ತಾ ಹೇಳಿದ್ದು ಇದು. ಈಗ ಅವಳು ಹೆಂಡತಿಯಲ್ಲ, ಬಿಡುವುದಿಲ್ಲ. ಲೋಸರ್ ಮಾರನೆಯ ದಿನ ಇನ್ನೊಬ್ಬ ಕೈದಿಯ ತಾಯಿ ಹೋಗಿ ಸುದ್ದಿ ತಂದಿದ್ದಾಳೆ. ಅವನನ್ನು ಮತ್ತೆ ಬಿಸಿಲು ಕಾಣದ ಕೆಳಗಿನ ಕೋಣೆಗೆ ಹಾಕಿದ್ದಾರೆ. ನಿನ್ನ ಹನ್ನೊಂದು ಹೆಂಡಿರೂ ನಿನ್ನನ್ನು ಬಿಟ್ಟರು ಎನ್ನುತ್ತಾನಂತೆ ಕಾವಲಿನವನು.

ಅವರು ಬಿಡಲಿಲ್ಲ. ಬಿಡಿಸಿದವಳು ನಾನು.

"ಆಚಾ-ಲಾ, ಬುಟ್ರಿ ಒಂದೇ ಮಾತು ಹೇಳಿ ಕಳಿಸಿದಾಳೆ" ಎಂದ ನೊರ್‌ಲ್ಹಾ. "ನನ್ನ ಹೆಸರು ಎಲ್ಲೂ ಬೇಡ, ಅವರ ಹೆಸರು ನಿಲ್ಲಿಸಬೇಡಿ."

ಊಟ ಬಿಟ್ಟು ಓಡಿದೆ. ಮೆರೆಟೆ ಬಾಡಿಗೆ ಕೋಣೆಯ ಮೆಟ್ಟಿಲ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದಳು. ದುಭಾಷಿ ಇಲ್ಲ. "ಅವನು ಇದ್ದಾನೆ" ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಕಿತ್ತಳೆ ಕಿತ್ತು ಪಕ್ಕಕ್ಕಿಟ್ಟು, ಅವಳ ಅಂಗೈಯನ್ನು ನನ್ನ ಮೂಗಿನ ಕೆಳಗೆ ಹಿಡಿದು ಉಸಿರು ಬಿಟ್ಟೆ. "ಅವನು. ಇದ್ದಾನೆ." ಆಗ ಅವಳ ಬಾಯಿ ತೆರೆದೇ ಉಳಿಯಿತು.

"ಇವತ್ತು ಗುರುವಾರ" ಎಂದೆ. ಅದು ಅರ್ಥವಾಯಿತು. ಅವರಲ್ಲಿ ಇನ್ನೂ ಬೆಳಿಗ್ಗೆಯಂತೆ. ಅಳುತ್ತಲೇ ಫೋನು ಮಾಡತೊಡಗಿದಳು, ಒಬ್ಬರಾದ ಮೇಲೆ ಒಬ್ಬರಿಗೆ, ಹತ್ತು ಜನಕ್ಕೂ. "ಅಳೋದು ಆಮೇಲೆ, ಮೊದಲು ಫೋನು ಮಾಡು" ಎಂದು ನಾನು ಅಳುತ್ತಾ ಬೈದೆ.

ಕಾರ್ಡಿಲ್ಲದೆ ಐದು ಗುರುವಾರ ಹೋಗಬಹುದಿತ್ತು, ನಾಲ್ಕಕ್ಕೆ ನಿಂತಿತು.

ಮಾರ್ಚ್ ೩, ಶುಕ್ರವಾರ

ಗೊಂಪಾಕ್ಕೆ ಹೋಗಿ ಹೆಸರಿನ ಕಾಗದ ವಾಪಸು ಕೇಳಿದೆ. ಬದುಕಿರುವವನಿಗೆ ಸತ್ತವನ ಪ್ರಾರ್ಥನೆ ಮಾಡಿಸಿಬಿಟ್ಟೆ, ಏನಾಗುತ್ತದೋ ಎಂದೆ. ಪ್ರಾರ್ಥನೆ ಹಾಳಾಗುವುದಿಲ್ಲ, ಅವನ ಆಯುಷ್ಯಕ್ಕೆ ಸೇರುತ್ತದೆ ಎಂದರು ಗೆಶೆ-ಲಾ. ಅವರಿಗೆ ಎಲ್ಲವೂ ಎಲ್ಲಿಗೋ ಸೇರುತ್ತದೆ. "ನನ್ನ ಮೂರ್ಖತನ ಎಲ್ಲಿಗೆ ಸೇರತ್ತೆ?" ಎಂದು ಕೇಳಿದೆ. ಕಾಗದ ಕೊಟ್ಟರು.

ತ್ಸೊಮೊ ಹತ್ತಿರ ಹೋಗಿ, ತಡೀರಿ ಅಂದವಳು ನೀನೇ ಸರಿ ಎಂದೆ. ಹರಿದ ಪೋಸ್ಟರನ್ನು ಅವಳು ಎಸೆದಿರಲಿಲ್ಲ. ಹಿಂದಿನಿಂದ ಟೇಪು ಹಚ್ಚಿ ಇಟ್ಟಿದ್ದಳು. ಅದನ್ನು ಹಿಡಿದು ಫೋಟೋಗೆ ನಿಂತೆ. ಸ್ವಲ್ಪ ಮೃದುವಾಗಿ ನೋಡಿ ಎಂದ ಫೋಟೋದವನಿಗೆ, ನನಗೆ ಇರುವುದು ಇದೊಂದೇ ಮುಖ ಎಂದೆ.

ಮಾರ್ಚ್ ೧೦, ಶುಕ್ರವಾರ

ನಮ್ಮವರು ದಂಗೆಯೆದ್ದ ದಿನ ಇದು, ಪ್ರತಿ ವರ್ಷ ಅದರ ನೆನಪಿನ ಮೆರವಣಿಗೆಯಲ್ಲಿ ನಾನು ಕೊನೆಯಲ್ಲಿ ಮಣಿ ಎಣಿಸುತ್ತಾ ನಡೆಯುವವಳು. ಕೂಗಿದರೆ ಪುಣ್ಯ ಸುಡುತ್ತದೆ ಎನ್ನುತ್ತಿದ್ದೆ. ಇವತ್ತು ಮುಂದೆ ಹೋದೆ. ಹಸಿ ಹಿಮ ಬೀಳುತ್ತಿತ್ತು. ಎಲ್ಲರೂ ಬೇರೆ ಘೋಷಣೆ ಕೂಗುತ್ತಿದ್ದರು, ನಾನು ಅವನ ಹೆಸರು ಕೂಗಿದೆ. ತ್ಸೊಮೊ ತೋಳು ಎಳೆದು, "ಆಚಾ-ಲಾ, ಅದು ಈಗಲ್ಲ, ಕಡೆಗೆ ಬರತ್ತೆ" ಎಂದಳು. "ಕಡೆಗೂ ಕೂಗ್ತೀನಿ, ಈಗಲೂ ಕೂಗ್ತೀನಿ" ಎಂದೆ. ಒಂದು ತಿಂಗಳಿನಿಂದ ನುಂಗಿದ್ದೆಲ್ಲ ಒಟ್ಟಿಗೆ ಹೊರಗೆ ಬಂತು. ಬಸ್ ನಿಲ್ದಾಣ ದಾಟುವ ಹೊತ್ತಿಗೆ ಹಿಂದಿನ ಸಾಲುಗಳೂ ಅದನ್ನೇ ಕೂಗುತ್ತಿದ್ದವು. ಅವನನ್ನು ನೋಡದವರು, ನನ್ನ ಊರಿನವರಲ್ಲದವರು, ಪಕ್ಕದಲ್ಲಿ ತಪ್ಪು ಉಚ್ಚಾರದಲ್ಲಿ ಮೆರೆಟೆ-ಲಾ. ತಿರುಗಿ ನೋಡಲಿ ಅವನು. ತಿರುಗಲಿ ಎಂದೇ ಕೂಗಿದ್ದು.

ಗಂಟಲು ಹೋಗಿದೆ. ಬಿಸಿನೀರು ಕುಡಿದು ಮಲಗುತ್ತೇನೆ.

ಮಾರ್ಚ್ ೧೫, ಬುಧವಾರ

ನಾನು ಲೆಕ್ಕ ಹಿಡಿದಿದ್ದ ನಲವತ್ತೊಂಬತ್ತನೆಯ ದಿನ ಇವತ್ತು. ಹೆಸರು ಸುಡಬೇಕಿದ್ದ ದಿನ.

ಬೆಳಿಗ್ಗೆ ಮೊಮೊ ಪಾತ್ರೆಯ ಆವಿಗೆ ಈ ಪುಸ್ತಕದ ಮೊದಲ ಪುಟ ಹಿಡಿದೆ. ತ್ಸಂಪಾ ಅಂಟು ಮೆತ್ತಗಾಗಿ ಕಾಗದದ ಚೂರು ಬಿಟ್ಟುಕೊಂಡಿತು. ಮಸಿ ಸ್ವಲ್ಪ ಹರಡಿದೆ, ಓದಲು ತೊಂದರೆಯಿಲ್ಲ. ಜಪಮಾಲೆ ಎಲ್ಲಿಟ್ಟೆನೋ ಕಾಣುತ್ತಿಲ್ಲ, ಮಗ್ಗದ ಕೆಳಗೆ ಬಿದ್ದಿರಬೇಕು, ಗುಡಿಸುವಾಗ ಸಿಗುತ್ತದೆ. ಮಗ್ಗದ ಮೇಲೆ ಹೊಸ ಹಾಸು ಹೂಡಿದ್ದೇನೆ. ಬುಟ್ರಿಗೆ. ಹಳೆಯದು ಮನೆಯೊಳಗಿರಲಿ. ಇದು ಒಂದಲ್ಲ ಒಂದು ದಿನ ಬಾಗಿಲು ತೆರೆದುಕೊಂಡು ಕಟ್ಟುವುದಕ್ಕೆ.

ಮೆರೆಟೆ-ಲಾ ನಾಳೆ ಹೊರಡುತ್ತಾರೆ. ಒಂದು ಖಾಲಿ ಕಾರ್ಡು ಕೊಟ್ಟು, ನೀನೂ ಬರಿ ಎಂದರು. ಒಂದು ಕಡೆ ಸಮುದ್ರ, ದೋಣಿ. ಇನ್ನೊಂದು ಕಡೆ ಬರೆಯುವ ಜಾಗ, ಅಂಗೈಯಷ್ಟು. ಅವರೆಲ್ಲ ಏನು ಬರೆಯುತ್ತಾರೆ ಎಂದು ಕೇಳಿದೆ. ನಿನ್ನನ್ನು ಮರೆತಿಲ್ಲ ಎಂದು ಬರೆಯುತ್ತಾರಂತೆ, ಅಲ್ಲಿನ ಹವೆ ಹೇಗಿದೆ ಎಂದು ಬರೆಯುತ್ತಾರಂತೆ.

ನಾನು ನಮ್ಮ ಅಕ್ಷರದಲ್ಲೇ ಬರೆದೆ, ಯಾವ ಅಕ್ಷರಕ್ಕಾಗಿ ಅವನನ್ನು ಒಳಗೆ ಹಾಕಿದರೋ ಅದರಲ್ಲಿ. "ಕಾವಲಿನವನು ಕೇಳಿದರೆ ಹೇಳು. ಅವರು ನಿನ್ನ ಹೆಂಡಿರಲ್ಲ, ಅಕ್ಕಂದಿರು. ನನ್ನನ್ನೂ ಸೇರಿಸಿ ಹನ್ನೆರಡು. ನಡುವೆ ನಾಲ್ಕು ವಾರ ನಿಲ್ಲಿಸಿದ್ದು ನಾನು. ಇನ್ನು ನಿಲ್ಲುವುದಿಲ್ಲ."

ಮೇಲೆ ಹೆಸರು ಬರೆಯುವಾಗಲೂ ಸಿಟ್ಟಿತ್ತು. ಸಿಟ್ಟು ಬಂದಾಗ ನನ್ನ ಅಕ್ಷರ ಗುಂಡಾಗುತ್ತದೆ, ಬೂದಿಯ ಹಲಗೆಯ ಮೇಲೆ ಅವನ ಬೆರಳು ಹಿಡಿದು ತಿದ್ದಿಸುತ್ತಿದ್ದಾಗಿನ ಹಾಗೆ. ಕಾವಲಿನವನಿಗೂ ಓದಲು ಬರುವಷ್ಟು ದೊಡ್ಡದಾಗಿ ಬರೆದೆ.

ಯೆಶೆ ದಾರ್ಗ್ಯೆ.